ನಿಂತ ಜಾಗಗಳ ಪಟ್ಟಿ

ಮಾರ್ಚ್ 4, ಮಂಗಳವಾರ

ರಾಯದುರ್ಗದ ಡಾಕ್ಟರು ನನ್ನ ಬಿ.ಪಿ. ನೋಡಿ, ಸಿಟ್ಟು ಬಂದಾಗ ಬಾಯಿ ಬಿಡಬೇಡ, ಕಾಗದದ ಮೇಲೆ ಬರೆದು ಹಾಕು ಎಂದಿದ್ದರು. ಬಟ್ಟೆ ಅಂಗಡಿಯವರು ಪುಕ್ಕಟೆ ಕೊಟ್ಟ ಡೈರಿಯನ್ನು ನನ್ನ ಹೆಂಡತಿ ನಾಗವೇಣಿ ಬ್ಯಾಗಿಗೆ ತುರುಕಿದ್ದಳು. ಜನವರಿ, ಫೆಬ್ರವರಿ ಖಾಲಿ ಇವೆ. ಇವತ್ತು ಬರೆಯದಿದ್ದರೆ ಯಾರಿಗಾದರೂ ಹೊಡೆದುಬಿಡುತ್ತೇನೆ.

ಬೆಳಗಿನ ಜಾವ ಗಾಡಿ ಹತ್ತಿ ನೋಡಿದರೆ ಗಾಜಿಗೆ ಅಂಟಿಸಿದ್ದ ಜಿಪಿಎಸ್ ಪೂರಿಯಂತೆ ಉಬ್ಬಿ ಕೂತಿದೆ. ನಿನ್ನೆ ಮಧ್ಯಾಹ್ನ ಗಾಡಿ ಬಿಸಿಲಲ್ಲಿತ್ತು, ಒಳಗಿನ ಬ್ಯಾಟರಿ ಬೆಂದುಹೋಗಿದೆ. ನೆರಳಿಗೆ ನಾಲ್ಕು ತಗಡಿನ ಶೀಟು ಹಾಕಿಸಿ ಅಂತ ಸಾಹುಕಾರರಿಗೆ ಹೇಳಿ ಹೇಳಿ ನನ್ನ ನಾಲಿಗೆ ಸವೆದಿದೆ. ಈಗ ಅನುಭವಿಸುವವನು ಯಾರು, ನಾನು.

ಇಪ್ಪತ್ತೆರಡು ವರ್ಷ ರಾಯದುರ್ಗದಿಂದ ಜೀನ್ಸ್ ಪ್ಯಾಂಟಿನ ಮೂಟೆ ಹೇರಿಕೊಂಡು ಬಳ್ಳಾರಿ, ಬೆಂಗಳೂರು, ಸೋಲಾಪುರ ಸುತ್ತಿದವನು ನಾನು. ಯೂನಿಟ್ಟು ಮುಚ್ಚಿತು ಅಂತ ಆಂಧ್ರದ ಗಡಿಯ ಮಡಕಶಿರಾಕ್ಕೆ ಬಂದು ಹುಳು ಸಾಗಿಸುತ್ತಿದ್ದೇನೆ. ನಮ್ಮ ಸಾಹುಕಾರರಾದ ತಿಮ್ಮರಾಜು ಅವರ ಚಾಕಿ ಕೇಂದ್ರದಲ್ಲಿ ರೇಷ್ಮೆ ಮೊಟ್ಟೆ ಒಡೆಸಿ, ಎರಡನೇ ಜ್ವರದವರೆಗೆ ಮರಿಹುಳು ಸಾಕುತ್ತಾರೆ. ಆ ಜ್ವರದಲ್ಲಿ ಹುಳು ಮೇವು ಬಿಟ್ಟು ಅಲುಗಾಡದೆ ಮಲಗಿರುವಾಗಲೇ ಅದನ್ನು ರೈತರ ಶೆಡ್ಡಿಗೆ ಮುಟ್ಟಿಸಬೇಕು. ಬಂದ ಹೊಸದರಲ್ಲಿ ಜ್ವರದ ಹುಳು ಅಂದಾಗ ನಾನು, ಕಾಯಿಲೆ ಬಿದ್ದ ಮಾಲನ್ನು ಬಡ ರೈತರಿಗೆ ದಾಟಿಸುತ್ತಿದ್ದಾರೆ ಅಂತ ಸಾಹುಕಾರರ ಮೇಲೆ ಕೂಗಾಡಿದ್ದೆ. ಹುಳು ಚರ್ಮ ಕಳಚುವುದಕ್ಕೆ ಇಲ್ಲಿಯವರು ಜ್ವರ ಅನ್ನುತ್ತಾರಂತೆ. ಹೆಸರಿಡುವುದಕ್ಕೂ ಒಂದು ರೀತಿ ಬೇಡವೇ.

ಸತ್ತ ಯಂತ್ರದೊಳಗೆ ನೂರ ಇಪ್ಪತ್ತಾರು ಜಾಗಗಳಿದ್ದವು. ನನಗಿಂತ ಮುಂಚಿನ ಡ್ರೈವರು ಒಂದೊಂದು ಶೆಡ್ಡಿನ ಮುಂದೆ ನಿಂತು ಗುರುತು ಹಾಕಿ ನಂಬರು ಕೊಟ್ಟಿದ್ದ. ಇವತ್ತು ನಲವತ್ತೊಂದು ಅಂದರೆ ನಲವತ್ತೊಂದು ಒತ್ತುವುದು, ಅದು ಎಡ ಬಲ ಹೇಳುವುದು, ನಾನು ತಿರುಗಿಸುವುದು. ಎಂಟು ತಿಂಗಳಲ್ಲಿ ಒಬ್ಬರ ಹತ್ತಿರವೂ ದಾರಿ ಕೇಳಿಲ್ಲ. ದಾರಿ ಕೇಳುವವನು ಡ್ರೈವರೇ ಅಲ್ಲ ಅಂತ ಕೆಲಸಕ್ಕೆ ಸೇರುವ ದಿನವೇ ಸಾಹುಕಾರರಿಗೆ ಹೇಳಿದ್ದೆ. ರೈತರ ಮುಖ ನೋಡುವ ಅಗತ್ಯವೂ ಇರಲಿಲ್ಲ. ಟ್ರೇ ಇಳಿಸು, ಸಹಿ ಹಾಕಿಸು, ಹೊರಡು. ಪ್ಯಾಂಟಾದರೇನು, ಹುಳುವಾದರೇನು, ನನಗೆ ಎರಡೂ ಸರಕು.

ಸಾಹುಕಾರರಿಗೆ ಮೂವತ್ಮೂರು ವರ್ಷ. ಎರಡು ವರ್ಷದ ಹಿಂದೆ ಅಪ್ಪನ ಕುರ್ಚಿಯಲ್ಲಿ ಕೂತವರು, ಅಲ್ಲಿಂದ ಎದ್ದದ್ದನ್ನು ನಾನು ನೋಡಿಲ್ಲ. ವಿಷಯ ಹೇಳಿದರೆ, "ಫೋನಾಗೆ ಮ್ಯಾಪಿಲ್ವಾ ಹನುಮಂತಣ್ಣ? ಈ ಕಾಲ್ದಾಗೆ ಯಾರು ಆ ಡಬ್ಬ ಇಟ್ಕೊಂತಾರೆ" ಎಂದರು. ಗಡಿಯಲ್ಲಿರುವ ಹೇಮಾವತಿ ಊರಿನ ಕಡೆ ಹೋದರೆ ಫೋನು ಆಂಧ್ರದ ಟವರು ಹಿಡಿಯಲೋ ಕರ್ನಾಟಕದ್ದು ಹಿಡಿಯಲೋ ಎಂದು ಯೋಚಿಸುತ್ತ ಕೂರುತ್ತದೆ. ಮ್ಯಾಪಿನ ಮೇಲೆ ಚಕ್ರ ತಿರುಗುತ್ತಿರುತ್ತದೆ, ಗಾಡಿಯ ಚಕ್ರ ನಿಂತಿರುತ್ತದೆ. ಇದು ಕುರ್ಚಿಯಲ್ಲಿ ಕೂತವರಿಗೆ ಹೇಗೆ ಗೊತ್ತಾಗಬೇಕು.

ಮಾರ್ಚ್ 6, ಗುರುವಾರ

ನಾನು ಕೇಳುವುದು ನಾಲ್ಕೇ. ನೆಟ್ ಇಲ್ಲದೆ ನಡೆಯಬೇಕು. ಬಿಸಿಲಲ್ಲಿ ಪರದೆ ಕಾಣಬೇಕು. ಸೆಕೆಗೆ ಸಾಯಬಾರದು. ನಿಂತ ಜಾಗದಲ್ಲಿ ಒತ್ತಿದರೆ ಆ ಜಾಗ ನೆನಪಿಟ್ಟುಕೊಳ್ಳಬೇಕು. ಚಂದ್ರನ ಮೇಲೆ ಇಳಿಯುವ ಯಂತ್ರವನ್ನೇನೂ ಕೇಳಿಲ್ಲ.

ಇಲ್ಲಿಯ ಮೊಬೈಲ್ ಅಂಗಡಿಯವನು ದಾರಿ ತೋರಿಸುವ ಯಂತ್ರ ಕೊಡಪ್ಪ ಅಂದರೆ ಫೋನು ಸಿಕ್ಕಿಸುವ ಸ್ಟ್ಯಾಂಡು ಕೊಟ್ಟ. ಹಿಂದೂಪುರದ ಕಾರು ಅಲಂಕಾರದ ಅಂಗಡಿಯವನು ಹತ್ತಿಂಚಿನ ಪರದೆ ತೋರಿಸಿದ. ಅದರಲ್ಲಿ ಸಿನಿಮಾ ನೋಡಬಹುದು, ಹಾಡಿಗೆ ತಕ್ಕಂತೆ ದೀಪದ ಬಣ್ಣ ಬದಲಾಗುತ್ತದೆ. ನೆಟ್ ಇಲ್ಲದೆ ಮ್ಯಾಪು ಬರುತ್ತದೆಯೇ ಎಂದರೆ, "ನೆಟ್ಟಿಲ್ದೆ ಈಗ ಏನು ನಡಿತೈತಣ್ಣ" ಎಂದು ನನ್ನನ್ನೇ ಕೇಳಿದ. ಗಾಡಿ ಓಡಿಸುವಾಗ ಸಿನಿಮಾ ತೋರಿಸುವವನನ್ನು ಯಾರೂ ಹಿಡಿಯುವುದಿಲ್ಲ, ಸೀಟ್ ಬೆಲ್ಟ್ ಹಾಕದ ನನ್ನನ್ನು ಹಿಡಿಯುತ್ತಾರೆ.

ಆಫೀಸಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಶೃತಿ ಆನ್‌ಲೈನಿನಲ್ಲಿ ಒಂದನ್ನು ಹುಡುಕಿ ಕೊಟ್ಟಳು. ಕೊಂಡವರ ಅಭಿಪ್ರಾಯಗಳನ್ನೂ ಓದಿ ಹೇಳಿದಳು. ಒಬ್ಬ ನಾಲ್ಕು ಸ್ಟಾರ್ ಕೊಟ್ಟು 'ಡಬ್ಬ ಗಟ್ಟಿಯಾಗಿದೆ' ಎಂದು ಬರೆದಿದ್ದಾನೆ. ಇನ್ನೊಬ್ಬ 'ಇನ್ನೂ ತೆರೆದು ನೋಡಿಲ್ಲ, ಚೆನ್ನಾಗಿದೆ' ಎಂದು ಐದು ಕೊಟ್ಟಿದ್ದಾನೆ. ಕೆಳಗೆ ಸಣ್ಣ ಅಕ್ಷರದಲ್ಲಿ, ಒಳಗೆ ಜರ್ಮನಿಯ ಮ್ಯಾಪಿದೆ ಎಂದಿತ್ತು. ಅದನ್ನು ನೋಡಿಕೊಂಡು ನಾನು ಅಗಳಿ ಊರಿಗೆ ಹುಳು ಮುಟ್ಟಿಸಬೇಕಂತೆ.

ಮಾರ್ಚ್ 11, ಮಂಗಳವಾರ

ಸಿಟ್ಟಿಗೆ ಪೆನ್ನು ಒತ್ತಿ ಬರೆದು ಹಾಳೆ ಎರಡು ಕಡೆ ಹರಿದಿದೆ.

ಬೆಳಿಗ್ಗೆ ಸಾಹುಕಾರರು, "ಜಿಪಿಎಸ್ ಬಂತು ಹನುಮಂತಣ್ಣ, ಹಾಕ್ಸು ನಡಿ" ಎಂದರು. ನಾನೂ ಎಂಥವನು, ಖುಷಿಯಾಗಿ ಗಾಡಿಯ ಗಾಜನ್ನು ಒರೆಸಿ ಜಾಗ ಮಾಡಿಟ್ಟೆ. ಬಂದ ಮೆಕ್ಯಾನಿಕ್ಕು ಗಾಜಿನ ಕಡೆ ತಿರುಗಿಯೂ ನೋಡಲಿಲ್ಲ. ಸ್ಟೀರಿಂಗಿನ ಕೆಳಗೆ ಮಲಗಿ ಬೆಂಕಿಪೊಟ್ಟಣದಷ್ಟಿರುವ ಕಪ್ಪು ಪೆಟ್ಟಿಗೆಯೊಂದನ್ನು ವೈರುಗಳ ನಡುವೆ ಬಿಗಿದು ಎದ್ದ.

"ಪರದಿ ಎಲ್ಲೈತ್ರಿ?" ಎಂದೆ.

"ಪರ್ದೆ ನಿಂಗಲ್ಲಣ್ಣ, ಶೃತಿ ಕಂಪ್ಯೂಟ್ರಾಗೈತೆ" ಎಂದರು ಸಾಹುಕಾರರು. "ಗಾಡಿ ಎಲ್ಲೈತೆ, ಎಲ್ಲಿ ನಿಂತಿತ್ತು, ಎಷ್ಟೊತ್ತು ನಿಂತಿತ್ತು, ಎಲ್ಲಾ ಗೊತ್ತಾಯ್ತದೆ."

ನಾನು ಕೇಳಿದ್ದು ನನಗೆ ದಾರಿ ತೋರಿಸುವ ಜಿಪಿಎಸ್ಸು. ಅವರು ತಂದದ್ದು ಅವರಿಗೆ ನನ್ನನ್ನು ತೋರಿಸುವ ಜಿಪಿಎಸ್ಸು. ಅದಕ್ಕೂ ಇದೇ ಹೆಸರು. ಗಾಡಿ ಇಟ್ಟವರೆಲ್ಲ ಡ್ರೈವರು ಕಳ್ಳ ಅಂತ ಅನುಮಾನ ಬಂದ ದಿನ 'ಜಿಪಿಎಸ್ ಹಾಕಿಸುವುದು' ಇದನ್ನೇ ಎಂದು ನನಗೂ ಗೊತ್ತಿತ್ತು. ಗೊತ್ತಿದ್ದೂ ಗಾಜು ಒರೆಸಿದೆನಲ್ಲ, ಆ ಸಿಟ್ಟು ಬೇರೆ.

ಈ ಹಂಗಾಮು ಮುಗಿಯಲಿ, ನಾನು ಈ ಊರಿನಲ್ಲಿ ಇರುವುದಿಲ್ಲ.

ಮಾರ್ಚ್ 13, ಗುರುವಾರ

ನಂಬರು ನಲವತ್ತೊಂದಕ್ಕೆ ಇವತ್ತು ಹುಳು. ನಲವತ್ತೊಂದು ಅಂದರೆ ಕದರಪ್ಪ ಅನ್ನುವ ರೈತ ಅಂತ ಇವತ್ತೇ ಗೊತ್ತಾದದ್ದು. ಯಂತ್ರವಿಲ್ಲ, ಬೇರೆ ದಾರಿಯಿಲ್ಲದೆ ಫೋನು ಮಾಡಿದೆ.

"ಓಂಗೆ ಮರ ಸಿಗ್ತದೆ, ಅಲ್ಲಿಂದ ಮೂಡ್ಲಾಗೆ ಬಾರಣ್ಣ. ಒಸಿ ದೂರ ಬಂದು ತೆಂಕ್ಲಾಗೆ ತಿರುಕ್ಕ."

"ಎಡಕೋ ಬಲಕೋ, ಅದನ್ನ ಹೇಳ್ರಿ."

"ಅದು ನೀನು ಯಾವ ಕಡಿಂದ ಬತ್ತೀಯ ಅಂಬೋದ್ರ ಮೇಲೈತೆ. ಮೂಡ್ಲು ಯಾವ ಕಡಿಂದ ಬಂದ್ರೂ ಮೂಡ್ಲೇ ಅಲ್ವೇನಣ್ಣ."

ಬೆಳಗಿನ ಐದು ಗಂಟೆ, ಸೂರ್ಯ ಹುಟ್ಟಿಲ್ಲ, ಮೂಡಲನ್ನು ನಾನು ಎಲ್ಲಿಂದ ಹುಡುಕಿ ತರಲಿ. ಹೊಂಗೆ ಮರವಾದರೂ ಒಂದಿತ್ತೇ, ದಾರಿಯುದ್ದಕ್ಕೂ ಹೊಂಗೆ ಮರಗಳೇ. ಐದು ಕಡೆ ನಿಲ್ಲಿಸಿ ಕೇಳಿದೆ. ಇಪ್ಪತ್ತೆರಡು ವರ್ಷದಲ್ಲಿ ಇಂಥ ಅವಮಾನ ಆಗಿರಲಿಲ್ಲ. ಕೇಳಿದವರೆಲ್ಲ ಮೂಡಲು, ಪಡುವಲು ಅಂತಾರೆಯೇ ಹೊರತು ಎಡ ಬಲ ಅನ್ನುವ ಒಬ್ಬ ಮನುಷ್ಯನೂ ಈ ಸೀಮೆಯಲ್ಲಿ ಇದ್ದ ಹಾಗಿಲ್ಲ.

ಮಾರ್ಚ್ 17, ಸೋಮವಾರ

ಶೃತಿ ಒಂದು ಕಾಗದ ಕೈಗಿಟ್ಟಳು. ಮೇಲೆ 'ನಿಂತ ಜಾಗಗಳು' ಎಂಬ ತಲೆಬರಹ. ಎಲ್ಲೆಲ್ಲಿ, ಎಷ್ಟೆಷ್ಟು ನಿಮಿಷ ಎಂದು ಹದಿನೇಳು ಸಾಲು. ಪಕ್ಕದಲ್ಲೊಂದು ಹೊಸ ಪುಸ್ತಕ. ಪ್ರತಿ ಸಾಲಿಗೂ ಯಾಕೆ ನಿಂತೆ ಅಂತ ನಾನು ಬರೆದು ಸಹಿ ಹಾಕಬೇಕು.

"ನನ್ ಮ್ಯಾಲೆ ಸಿಟ್ಟಾಗ್ಬ್ಯಾಡಣ್ಣ, ಸಾವ್ಕಾರ್ರು ಯೋಳಿದ್ದು" ಎಂದಳು. ಆ ಹುಡುಗಿಯ ಮೇಲೆ ಯಾಕೆ ಸಿಟ್ಟಾಗಲಿ.

ದಾರಿ ತೋರಿಸುವ ಯಂತ್ರ ಕೊಡುವುದಿಲ್ಲ. ಕೊಡದಿದ್ದಕ್ಕೆ ನಾನು ನಿಂತು ದಾರಿ ಕೇಳಬೇಕು. ದಾರಿ ಕೇಳಲು ನಿಂತರೆ ಇನ್ನೊಂದು ಯಂತ್ರ ಅದನ್ನು ಬರೆದಿಟ್ಟುಕೊಳ್ಳುತ್ತದೆ. ಹದಿನೇಳು ಸಾಲಿಗೂ 'ದಾರಿ ಕೇಳಲು' ಎಂದು ಬರೆಯಬೇಕಿತ್ತು. ನನಗೆ ಕೈ ಬರಲಿಲ್ಲ. 'ಮೂತ್ರಕ್ಕೆ' ಎಂದು ಹದಿನೇಳು ಸಲ ಬರೆದು ಸಹಿ ಹಾಕಿದೆ. ಸಾಹುಕಾರರು ಓದಿ, ಸಕ್ಕರೆ ಕಾಯಿಲೆ ಪರೀಕ್ಷೆ ಮಾಡಿಸಿಕೋ ಎಂದರಂತೆ.

ಮಾರ್ಚ್ 20, ಗುರುವಾರ

ಚಿಕ್ಕತಿಮ್ಮಯ್ಯ ಅನ್ನುವ ರೈತನ ಶೆಡ್ಡಿಗೆ ಹೋಗಿದ್ದೆ. ಊರ ಕೆರೆ ಏರಿಯಿಂದ ಪಡುವಲಿಗೆ ತಿರುಗಿದರೆ ಸಲೀಸು, ಆ ಹಳೇ ಯಂತ್ರ ಸುಮ್ಮನೆ ಊರೊಳಗೆಲ್ಲ ಸುತ್ತಿಸುತ್ತಿತ್ತು. ರಾಗಿ ಮುದ್ದೆ, ಹುರುಳಿ ಸಾರು ಹಾಕಿ ಕಳಿಸಿದರು. ಅದಕ್ಕೆ ಹಿಡಿದ ಇಪ್ಪತ್ತೈದು ನಿಮಿಷಕ್ಕೂ ನಾಳೆ ಕಾರಣ ಬರೆಯಬೇಕು. ಮನುಷ್ಯ ಉಣ್ಣುವುದಕ್ಕೂ ಸಹಿ ಹಾಕಬೇಕಾದ ಕಾಲ ಬಂತು.

ಮಾರ್ಚ್ 23, ಭಾನುವಾರ, ರಾಯದುರ್ಗ

ನಾಗವೇಣಿಗೆ ಎಲ್ಲ ಹೇಳಿದೆ. ಅವಳು ಯೂನಿಟ್ಟಿನಿಂದ ತಂದ ಪ್ಯಾಂಟುಗಳಿಗೆ ಜೇಬು ಹೊಲಿಯುತ್ತ ಮಿಷನ್ನು ನಿಲ್ಲಿಸದೆ ಕೇಳಿಸಿಕೊಂಡಳು.

"ಕೇಳಿದ್ರ ಏನ್ ಕಳಕಂತೀರಿ? ಬಾಯಿ ಐತಿ, ಕೇಳ್ರಿ. ನನ್ನ ನೋಡಾಕ ಬಂದಾಗೂ ನಮ್ಮ ಮನಿ ದಾರಿ ಕೇಳ್ದ ಎರಡ್ ತಾಸು ಊರೆಲ್ಲ ತಿರುಗಿದ್ರಿ."

ಇಪ್ಪತ್ತು ವರ್ಷದ ಹಿಂದಿನದನ್ನು ಈಗ ಯಾಕೆ ತೆಗೆಯಬೇಕು.

ಸಂಜೆ ನನ್ನ ಜೊತೆ ಲಾರಿ ಓಡಿಸುತ್ತಿದ್ದ ಯರ್ರಪ್ಪನ ಮನೆಗೆ ಹೋದೆ. ಅವನ ಹತ್ತಿರ ಹಳೇ ಜಿಪಿಎಸ್ಸೊಂದು ಸುಮ್ಮನೆ ಬಿದ್ದಿತ್ತು. ಸಣ್ಣ ಪರದೆ, ನೆಟ್ ಬೇಡ, ನಿಂತಲ್ಲಿ ಒತ್ತಿದರೆ ಗುರುತು ಹಾಕಿಕೊಳ್ಳುತ್ತದೆ. ಹಿಂದಿಯಲ್ಲಿ ಮಾತಾಡುತ್ತದೆ, ಮಾತಾಡಿಕೊಳ್ಳಲಿ. "ಎಂಟ್ ದಿನ ಇಟ್ಟು ನೋಡಲೇ, ಸರಿ ಅನಿಸಿದ್ರ ನಿಂದ" ಎಂದ. ಕೇಳಿದ ನಾಲ್ಕೂ ಇದರಲ್ಲಿವೆ. ಇನ್ನು ಮೇಲೆ ಯಾರನ್ನೂ ಕೇಳುವುದಿಲ್ಲ.

ಮಾರ್ಚ್ 26, ಬುಧವಾರ

ಟೈರ್ ಪಂಚರ್. ಬೇವಿನಹಳ್ಳಿ ಕೆಂಪಕ್ಕನ ಶೆಡ್ಡಿಗೆ ಹುಳು ತಡವಾಯಿತು. ಬೇರೇನೂ ವಿಶೇಷವಿಲ್ಲ.

ಮಾರ್ಚ್ 27, ಗುರುವಾರ

ಪಂಚರ್ ಆಗಿರಲಿಲ್ಲ.

ಸಾಹುಕಾರರಿಗೆ ಪಂಚರ್ ಎಂದೆ, ಕೆಂಪಕ್ಕನಿಗೂ ಎಂದೆ, ಅದೇ ಬಾಯಲ್ಲಿ ಇಲ್ಲಿಯೂ ಬರೆದುಬಿಟ್ಟೆ. ನಡೆದದ್ದು ಇಷ್ಟು. ಇನ್ನೂರು ಚಿಟ್ಟೆಗಳ ಮೊಟ್ಟೆಯ ಹುಳು ಹೇರಿಕೊಂಡು ಐದು ಗಂಟೆಗೆ ಹೊರಟೆ. ಯರ್ರಪ್ಪನ ಯಂತ್ರದಲ್ಲಿ ಬೇವಿನಹಳ್ಳಿ ಎಂದು ಇಂಗ್ಲಿಷ್ ಅಕ್ಷರ ಒತ್ತಿದೆ. ಒಂದೇ ಊರು ತೋರಿಸಿತು, ಅದು ಹೇಳಿದ ಕಡೆ ಹೋದೆ. ಮೂವತ್ತು ಕಿಲೋಮೀಟರಿನ ಊರು ಐವತ್ತಾದರೂ ಬರಲಿಲ್ಲ. ಅನುಮಾನ ಬಂತು. ಬಂದರೂ ನಿಲ್ಲಿಸಿ ಕೇಳಲಿಲ್ಲ. ಏಳು ಗಂಟೆಗೆ 'ಮಂಜಿಲ್ ಆ ಗಯಿ', ಸೇರುವ ಜಾಗ ಬಂತು ಎಂದು ಹಿಂದಿಯಲ್ಲಿ ಹೇಳಿ ಯಂತ್ರ ಸುಮ್ಮನಾಯಿತು. ಇಳಿದು ನೋಡಿದರೆ ಗೋಡೆಯ ಮೇಲಿನ ಬೋರ್ಡೆಲ್ಲ ಕನ್ನಡದಲ್ಲಿವೆ, ಶಿರಾ ತಾಲ್ಲೂಕು ಎಂದಿದೆ. ಅದೂ ಬೇವಿನಹಳ್ಳಿಯೇ. ಕರ್ನಾಟಕದ ಬೇವಿನಹಳ್ಳಿ.

ನಮ್ಮ ಬೇವಿನಹಳ್ಳಿಯನ್ನು ಊರವರು, ಸುತ್ತಲಿನವರು, ಅವರ ತಾತ ಮುತ್ತಾತಂದಿರು ಎಲ್ಲರೂ ಹಳ್ಳಿ ಎಂದೇ ಕರೆದದ್ದು. ಆಂಧ್ರದ ದಾಖಲೆಯಲ್ಲಿ ಮಾತ್ರ ಅದು ಬೇವಿನಪಲ್ಲಿ. ಬಸ್‌ಸ್ಟಾಪಿನ ತೆಲುಗು ಬೋರ್ಡಿನಲ್ಲೂ ಪಲ್ಲಿ. ಯಂತ್ರ ದಾಖಲೆ ಓದಿಕೊಂಡಿದೆ, ಊರವರ ಬಾಯಿ ಕೇಳಿಲ್ಲ. ಎರಡು ಅಕ್ಷರ ಬದಲಾಯಿಸಿ ಒಂದು ಊರನ್ನೇ ಮಾಯ ಮಾಡಿದವರಿಗೆ ಏನು ಹೇಳಬೇಕು. ನಾನೂ ಆ ಬೋರ್ಡನ್ನು ಎರಡು ಸಲ ನೋಡಿದವನೇ.

ಅಲ್ಲಿ ಸ್ವಲ್ಪ ಹೊತ್ತು ನಿಂತು, ದಾರಿ ಕೇಳಿಕೊಂಡು ವಾಪಸಾದೆ.

ಕೆಂಪಕ್ಕನ ಶೆಡ್ಡು ಮುಟ್ಟಿದಾಗ ಒಂಬತ್ತೂವರೆ. ಜ್ವರ ಬಿಟ್ಟು ಎದ್ದ ಹುಳು ಸೊಪ್ಪಿಲ್ಲದೆ ಟ್ರೇಯ ಅಂಚು ಹತ್ತುತ್ತಿತ್ತು. ಬೈಗುಳಕ್ಕೆ ತಯಾರಾಗಿ ನಿಂತಿದ್ದೆ. ಐವತ್ತು ದಾಟಿದ ಹೆಂಗಸು, ಸೆರಗು ಸೊಂಟಕ್ಕೆ ಸಿಕ್ಕಿಸಿ ನನ್ನ ಮುಖ ಸಹ ನೋಡದೆ, "ಬಾರಣ್ಣ ಇಲ್ಲಿ. ಬೈಯಾಕೆ ಆಮೇಲೂ ಟೈಮೈತೆ, ಮೊದ್ಲು ಸೊಪ್ಪು ಉದುರ್ಸು" ಎಂದಳು. ಹಿಪ್ಪುನೇರಳೆ ಸೊಪ್ಪನ್ನು ಸಣ್ಣಗೆ ಹೆಚ್ಚಿ, ಹುಳುವಿನ ಮೇಲೆ ಭಾರ ಬೀಳದಂತೆ ಬೆರಳ ಸಂದಿಯಿಂದ ಹೇಗೆ ಉದುರಿಸಬೇಕೆಂದು ತೋರಿಸಿದಳು. ಎರಡು ಗಂಟೆ ಉದುರಿಸಿದೆ. ಬೈಯಲೇ ಇಲ್ಲ. ಬೈದಿದ್ದರೆ ವಾಸಿಯಿತ್ತು.

ಮಾರ್ಚ್ 29, ಶನಿವಾರ

ಸಾಹುಕಾರರು ಕರೆಸಿದರು. ಮೇಜಿನ ಮೇಲೆ ಪೆಟ್ಟಿಗೆ ಹಾಕಿದ ದಿನದಿಂದ ಈವರೆಗಿನ ಪಟ್ಟಿ. ಬುಧವಾರದ ಒಂದು ಸಾಲಿಗೆ ಕೆಂಪು ಗೆರೆ.

"ಪಂಚರ್ರು ಬೇವಿನಳ್ಳಿ ಅತ್ರ ಅಂದೆ. ಪೆಟ್ಗೆ ನೋಡಿದ್ರೆ ಸಿರಾ ತಾಲ್ಲೂಕ್ನಾಗೆ ನಲವತ್ತೆರಡು ನಿಮಿಷ ನಿಂತಿದೀಯ. ಆ ಕಡೆ ಹುಳಕ್ಕೆ ರೇಟು ಜಾಸ್ತಿ ಅಂತಾರೆ, ಅಲ್ವಾ ಹನುಮಂತು?"

ಹನುಮಂತು. ಎಂಟು ತಿಂಗಳು ಹನುಮಂತಣ್ಣ ಎಂದವರು. ಹುಳು ತೂಕ ಹಾಕುವ ಹೆಣ್ಣುಮಕ್ಕಳು, ಶೃತಿ, ಎಲ್ಲರೂ ಅಲ್ಲೇ ಇದ್ದರು. ಕಳ್ಳ ಎಂಬ ಒಂದು ಮಾತು ಬಿಟ್ಟು ಬೇರೆಲ್ಲ ಹೇಳಿದರು. ಸೋಲಾಪುರದವರೆಗೆ ಹೋದ ಸಾವಿರಾರು ಪ್ಯಾಂಟಿನಲ್ಲಿ ಒಂದು ಗುಂಡಿಯೂ ಕಳೆಯದ ಕೈ ಇದು.

"ದಾರಿ ತಪ್ಪಿತ್ತು" ಎಂದೆ.

ಅವರು ನಕ್ಕರು. "ಇಪ್ಪತ್ತೆರಡು ವರ್ಸದ ಡ್ರೈವರ್ರು ದಾರಿ ತಪ್ತಾನಾ? ನೀನೇ ಅಲ್ವಾ ಅಂದಿದ್ದು, ದಾರಿ ಕೇಳೋನು ಡ್ರೈವರ್ರೇ ಅಲ್ಲ ಅಂತ."

ಮೇಜಿನ ಮೇಲಿನ ಪಟ್ಟಿ ಎತ್ತಿ ಅವರ ಮುಂದೆ ಹಿಡಿದೆ. "ಪಟ್ಟಿ ತಗೊಂಡು ಗಾಡಿ ಹತ್ರಿ ಸಾವ್ಕಾರ್ರ. ನಿಂತಿದ್ ಜಾಗ ಎಲ್ಲಾ ತೋರಸ್ತೀನಿ. ಆ ಊರಾಗ ಒಂದ್ ಹುಳ ಮಾರೀನಿ ಅಂತ ಯಾರರ ಅಂದ್ರ ಅಲ್ಲೇ ಪೊಲೀಸ್ರಿಗೆ ಹಿಡದ್ ಕೊಡ್ರಿ. ಆದ್ರ ಗಾಡಿ ನಾ ಮುಟ್ಟಂಗಿಲ್ಲ, ನೀವ ಓಡಸ್ರಿ. ಕಳ್ಳನ ಕೈಗೆ ಕೀಲಿ ಯಾಕ?"

ಯುಗಾದಿ ಮುಗಿಸಿಕೊಂಡು ಮಂಗಳವಾರ ಎಂದರು.

ಮಾರ್ಚ್ 30, ಯುಗಾದಿ, ರಾಯದುರ್ಗ

ನಾಗವೇಣಿಗೆ ಹೇಳಲಿಲ್ಲ. ಹೋಳಿಗೆ ಬಾಯಿಗೆ ಹತ್ತಲಿಲ್ಲ. ಯಾಕ ಅಂತ ಎರಡು ಸಲ ಕೇಳಿದಳು. ಕೆಲಸ ಹೋದರೆ ಹೋಗಲಿ, ಮನೆಗೆ ಬರಲು ಕಾರಣ ಸಿಕ್ಕಿತು ಅಂದುಕೊಳ್ಳಬೇಕಾದವನು ನಾನು. ಕಳ್ಳನಾಗಿ ಬರುವುದು ಬೇರೆ. ಆ ಹುಳುಗಳು ಎರಡನೇ ದಿನ ಹೇಗಿದ್ದವೋ ಎಂದು ಬೇರೆ ಯೋಚನೆ. ಕೆಂಪಕ್ಕನಿಗೆ ಫೋನು ಮಾಡಿದೆ, ತೆಗೆಯಲಿಲ್ಲ.

ಏಪ್ರಿಲ್ 1, ಮಂಗಳವಾರ

ಸಾಹುಕಾರರಿಗೆ ಎಂಟನೇ ಕಿಲೋಮೀಟರಿಗೇ ಬೆವರು ಬಂತು. ನಮ್ಮ ಗಾಡಿಯ ಕ್ಲಚ್ಚು ಅವರ ಕಾರಿನದರಂತೆ ಮೆತ್ತಗಿಲ್ಲ. ನಾನು ಪಕ್ಕದಲ್ಲಿ ಪಟ್ಟಿ ಹಿಡಿದು ಕೂತು ಪಡುವಲಿಗೆ ತಿರುಗಿಸಿ, ಬಡಗಲಿಗೆ ಹೋಗಿ ಎನ್ನುತ್ತಿದ್ದೆ. ಎಡವೋ ಬಲವೋ ಎಂದು ಅವರು ರೇಗಿದರು. ಇಲ್ಲಿ ಹುಟ್ಟಿ ಬೆಳೆದವರಿಗೆ ಮೂಡಲು ಪಡುವಲು ಗೊತ್ತಿಲ್ಲ ಅಂದರೆ ಯಾರಿಗೆ ಹೇಳುವುದು.

ಕದರಪ್ಪನ ಶೆಡ್ಡಿಗೆ ತಿರುಗುವಾಗ ಹೊಂಗೆಯ ಕೊಂಬೆಗೆ ಗಾಡಿಯ ತಲೆ ಉಜ್ಜಿಸಿದರು. ಕದರಪ್ಪ ಹೊರಗೆ ಬಂದು ಸಾಹುಕಾರರನ್ನು ಮೇಲಿಂದ ಕೆಳಗೆ ನೋಡಿ, "ಒಸಾ ಡ್ರೈವರ್ರೇನಣ್ಣ? ಕೈ ಇನ್ನೂ ಕೂತಿಲ್ಲ, ಒಸಿ ಯೋಳ್ಕೊಡು" ಎಂದ. ನಾನು ಪಟ್ಟಿಯ ಸಾಲು ಓದತೊಡಗಿದೆ. ಸಾಹುಕಾರರು ಗಾಡಿಯ ತಲೆಯ ಗೀರು ಒರೆಸತೊಡಗಿದರು. ಪಟ್ಟಿಯ ಮೊದಲ ಐದು ಸಾಲಿಗೆ ಕದರಪ್ಪನೇ ಉತ್ತರ ಕೊಟ್ಟ, "ಅವತ್ತು ದಾರಿ ಸಿಗ್ದೆ ಪಾಡುಪಟ್ಟುಬಿಟ್ಟ ಈವಣ್ಣ."

ಕೆಂಪಕ್ಕ ಸೊಪ್ಪಿನ ಹೊರೆ ಇಳಿಸುತ್ತಿದ್ದಳು. ಒಳಗೆ ಹೋಗಿ ನೋಡಿದೆ. ಮೂರನೇ ಜ್ವರದಿಂದ ಹುಳು ಎದ್ದಿವೆ, ಆದರೆ ಒಂದೇ ಸಮ ಇಲ್ಲ, ಒಂದು ಪಾಲು ದಪ್ಪ, ಒಂದು ಪಾಲು ಸಣ್ಣ. ಅವತ್ತು ಸೊಪ್ಪು ತಡವಾದ ಫಲ, ನಾನು ಮಾಡಿದ್ದು. ಅವಳು ಸಾಹುಕಾರರ ಕಡೆ ತಿರುಗಿ, "ನೀನಾರ ಯೋಳಪ್ಪ ನಿಮ್ ಸಾವ್ಕಾರಂಗೆ, ಈವಣ್ಣಂಗೆ ಒಂದು ದಾರಿ ತೋರ್ಸೋ ಮಿಷನ್ ಕೊಡ್ಸು ಅಂತ. ದೊಡ್ಡ ಸಾವ್ಕಾರ್ರಾಗಿದ್ರೆ ಇಷ್ಟೊತ್ಗೆ ಹುಳ ನೋಡಾಕೆ ತಾವೇ ಬಂದಿರೋರು. ಈ ಮಗರಾಯ ಫೋನಾಗೆ ಮಾತಾಡ್ತಾನೆ, ಮೊಕ ಕಂಡೋರಿಲ್ಲ" ಎಂದಳು. ಸಾಹುಕಾರರು "ಯೋಳ್ತೀನಕ್ಕ" ಎಂದು ತಲೆ ತಗ್ಗಿಸಿ ಗಾಡಿ ಹತ್ತಿದರು. ಬೇರೆ ದಿನವಾಗಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ.

ಕೊನೆಗೆ ಆ ಬೇವಿನಹಳ್ಳಿ. ಬಸ್‌ಸ್ಟಾಪಿನ ಎದುರು ಪೆಟ್ಟಿ ಅಂಗಡಿ, ಅದರಲ್ಲಿ ಮೈಲಾರಮ್ಮ ಎಂಬ ಮುದುಕಿ. ಸಾಹುಕಾರರೇ ಇಳಿದು ಕೇಳಿದರು, ಹೋದ ಬುಧವಾರ ಈ ಮನುಷ್ಯ ಇಲ್ಲಿ ಹುಳ ಮಾರಿದ್ನಾ ಎಂದು.

"ರೇಸ್ಮೆ ಉಳನಾ? ತಗಂಡು ಏನ್ ಮಾಡಾನ ಸಾಮಿ, ನಮ್ಮೂರಾಗೆ ಒಂದು ಇಪ್ಪುನೇಳೆ ಗಿಡ ತೋರ್ಸು ನೋಡಾನ. ಕಳ್ಳೆಕಾಯಿ, ರಾಗಿ ಬಿಟ್ರೆ ಇನ್ನೇನೈತೆ ಇಲ್ಲಿ." ನನ್ನ ಕಡೆ ನೋಡಿದಳು. "ಈವಪ್ಪ ಮನೆಮನೆಗೂ ಓಗಿ ಇಪ್ಪುನೇಳೆ ಸೊಪ್ಪೈತಾ ಅಂತ ಕೇಳ್ದ. ಇಲ್ಲ ಅಂದ್ರು. ಗೋಣಿಚೀಲ ನೆನ್ಸಿ ಕೊಟ್ಟೆ, ಟ್ರೇ ಮ್ಯಾಲೆ ಒದಿಸ್ದ. ಆಮ್ಯಾಕೆ ಆ ಕಟ್ಟೆ ಮ್ಯಾಲೆ ಕುಂತ್ಕಂಡು ಮಕ್ಳಂಗೆ ಅತ್ತ. ನಾನೇ ನೀರ್ ಕೊಟ್ಟು, ದಾರಿ ಯೋಳಿ ಕಳಿಸ್ದೆ."

ಸಾಹುಕಾರರು ನನ್ನ ಮುಖ ನೋಡಿದರು. ಕಣ್ಣಿಗೆ ಧೂಳು ಬಿದ್ದಿತ್ತು ಎಂದೆ.

ವಾಪಸು ಬರುವಾಗ ಕೀಲಿಯನ್ನು ನನ್ನ ಕೈಗೆ ಕೊಟ್ಟರು. ಹೇಮಾವತಿ ದಾಟಿದ ಮೇಲೆ, "ಅವತ್ತೇ ಯೋಳಬೌದಿತ್ತಲ್ಲಣ್ಣ" ಎಂದರು. ಅಣ್ಣ ಎಂದರು ಅಂತ ನಾನೇನೂ ಕರಗಲಿಲ್ಲ. ಎಲ್ಲರ ಮುಂದೆ ಅಂದದ್ದನ್ನು ಎಲ್ಲರ ಮುಂದೆಯೇ ವಾಪಸು ತಗೊಳ್ಳಿ ಎಂದೆ. ಆಯಿತು ಎಂದರು.

ಏಪ್ರಿಲ್ 4, ಶುಕ್ರವಾರ

ವಾಪಸು ತಗೊಂಡರು. ಹುಳು ತೂಕ ಹಾಕುವವರ ಮುಂದೆ, ಶೃತಿಯ ಮುಂದೆ, ನಿಂತುಕೊಂಡು. ಧ್ವನಿ ಸಣ್ಣಗಿತ್ತು, ಆದರೂ ಎಲ್ಲರಿಗೂ ಕೇಳಿಸಿತು.

ಯಾವ ಯಂತ್ರ ಬೇಕೋ ತಗೋ, ಹಿಂದೂಪುರದ ದೊಡ್ಡ ಪರದೆಯೇ ಆಗಲಿ ಎಂದರು. ಯರ್ರಪ್ಪನದೇ ಸಾಕು ಎಂದೆ. ಅದರಲ್ಲಿ ಹೆಸರು ಹೊಡೆಯುವ ಗೊಡವೆಗೆ ಹೋಗುವುದಿಲ್ಲ, ಒಂದೊಂದು ಶೆಡ್ಡಿನ ಮುಂದೆ ನಿಂತು ಗುರುತು ಒತ್ತುತ್ತೇನೆ. ಕಪ್ಪು ಪೆಟ್ಟಿಗೆ ಕೀಳಿಸಲೇ ಎಂದರು. ಇರಲಿ, ಕಾರಣ ಬರೆಯುವ ಪುಸ್ತಕ ಮಾತ್ರ ಇರಕೂಡದು ಎಂದೆ. ಹಂಗಾಮು ಮುಗಿದ ಮೇಲೆ ಏನು ಮಾಡುತ್ತೀಯ ಅಂತ ಶೃತಿ ಕೇಳಿದಳು. ಇದೆಂಥ ಪ್ರಶ್ನೆ, ಮುಂದಿನ ಹಂಗಾಮಿನ ಹುಳು ಯಾರು ಮುಟ್ಟಿಸಬೇಕು.

ಕೆಂಪಕ್ಕನಿಗೆ ನಿಜ ಹೇಳಲು ಬೇವಿನಹಳ್ಳಿಗೆ ಹೋಗಿದ್ದೆ. ನಾಲ್ಕನೇ ಜ್ವರಕ್ಕೆ ಕೂತ ಹುಳುಗಳಲ್ಲಿ ಹಿಂದೆ ಬಿದ್ದವನ್ನು ಬೇರೆ ಮಾಡುತ್ತಿದ್ದಳು. ಗೂಡು ಈ ಸಲ ಒಂದು ಪಾಲು ಕಮ್ಮಿಯೇ ಎಂದಳು. ಪಂಚರ್ ಸುಳ್ಳು, ದಾರಿ ತಪ್ಪಿ ಅಲ್ಲಿಗೆ ಹೋಗಿದ್ದೆ ಎಂದೆ. "ಗೊತ್ತು ಬಿಡಣ್ಣ. ಅವತ್ತು ನಿನ್ ಗಾಡಿ ಟೈರೆಲ್ಲಾ ನೆಟ್ಟಗಿದ್ವು" ಎಂದಳು. ಗೊತ್ತಿದ್ದೂ ಸುಮ್ಮನಿದ್ದಳಂತೆ. ಇಂಥವರ ಮೇಲೆ ಸಿಟ್ಟು ಮಾಡುವುದಾದರೂ ಹೇಗೆ.

ರೂಮಿಗೆ ಬಂದು ಡೈರಿಯ ಹಿಂದಿನ ಪುಟ ತಿರುವಿದೆ. ಇಪ್ಪತ್ತಾರರಂದು ಪಂಚರ್ ಎಂದಿದೆ. ಇಪ್ಪತ್ತೇಳರಂದು ನಿಜ ಬರೆಯುವವನಂತೆ ಬರೆದು, ನಲವತ್ತೆರಡು ನಿಮಿಷವನ್ನು 'ಸ್ವಲ್ಪ ಹೊತ್ತು' ಎಂದು ನುಂಗಿಹಾಕಿದ್ದೇನೆ. ನನ್ನೊಬ್ಬನಿಗೆ ಅಂತ ಇಟ್ಟುಕೊಂಡ ಪುಸ್ತಕದಲ್ಲಿ ನನಗೇ ಸುಳ್ಳು ಹೇಳಿದ್ದೇನೆ. ಆ ಕಪ್ಪು ಪೆಟ್ಟಿಗೆಯಾದರೂ ನಿಂತದ್ದನ್ನು ನಿಂತದ್ದು ಎಂದು ಬರೆಯಿತು.

ಗೋಣಿಚೀಲದ ಅಂಚು ಎತ್ತಿ ನೋಡಿದ್ದೆ. ಜ್ವರದಿಂದ ಆಗತಾನೇ ಎದ್ದ ಹುಳುಗಳು ಒಂದೊಂದೇ ತಲೆ ಎತ್ತಿ ಸೊಪ್ಪಿಗಾಗಿ ಆ ಕಡೆ ಈ ಕಡೆ ಹುಡುಕುತ್ತಿದ್ದವು. ಊರೆಲ್ಲ ಕೇಳಿದರೂ ನನಗೆ ಒಂದು ಎಲೆ ಸಿಕ್ಕಿರಲಿಲ್ಲ. ಕಟ್ಟೆಯ ಮೇಲೆ ಕೂತು ಅತ್ತೆ. ಧೂಳೇನೂ ಬಿದ್ದಿರಲಿಲ್ಲ.